ಯಾವ ಟೇಬಲ್ಲಿನ ಅವ್ವ

ಗುಂಡ್ಲುಪೇಟೆ
೧೮-೧೧-೨೦೨೪, ಸೋಮವಾರ

ಭೀಮನಬೀಡಿನ ನಾಟಕದ ತಾಲೀಮು ಶೆಡ್ಡಿನಲ್ಲಿ ಚಾಪೆಯ ಮೇಲೆ ಆಸೀನರಾಗಿರುವ ಮಹಾಜನರೇ, ಚಾಪೆ ಸಿಗದೆ ಗೊಬ್ಬರದ ಚೀಲದ ಮೇಲೆ ಕುಳಿತಿರುವ ಮಹನೀಯರೇ, ಕಂಬಕ್ಕೊರಗಿ ಬೀಡಿ ಸೇದುತ್ತ ಕೇಳದವರಂತೆ ಕೇಳುತ್ತಿರುವ ಗಣ್ಯರೇ, ನಿಮ್ಮೆಲ್ಲರಿಗೂ ರಾಜಪಾರ್ಟು ಗುರುಸ್ವಾಮಿಯ ಶರಣು ಶರಣಾರ್ಥಿ. ಗಲಾಟೆ ಮಾಡಬೇಡಿ. ಈ ಕಾಗದ ಓದುತ್ತಿರುವವನು ನನ್ನ ಗೆಳೆಯ ಕರಿಬಸವಯ್ಯ. ಅವನ ಬೆರಳು ಹಾರ್ಮೋನಿಯಂ ಮೇಲೆ ಓಡಿದಷ್ಟು ಸಲೀಸಾಗಿ ಕಣ್ಣು ಅಕ್ಷರದ ಮೇಲೆ ಓಡುವುದಿಲ್ಲ. ಅವಸರ ಮಾಡಿದರೆ ಕಥೆ ಕೆಡುತ್ತದೆ.

ಪ್ರೀತಿಯ ಕರಿಬಸವಯ್ಯ,

ತಡವಾಯಿತು, ಕ್ಷಮಿಸು. ಹಡಗು ಇಳಿದು ಬಂದ ಮರುದಿನವೇ ಬಂದು ಎಲ್ಲವನ್ನೂ ಅಭಿನಯಿಸಿ ತೋರಿಸುತ್ತೇನೆಂದು ಮಾತು ಕೊಟ್ಟವನು ತಾಲೀಮಿಗೂ ಬರಲಿಲ್ಲ, ನಿನ್ನ ಫೋನನ್ನೂ ಎತ್ತಲಿಲ್ಲ. ನನ್ನ ಗಂಟಲು ನಿನಗೆ ಗೊತ್ತೇ ಇದೆ. ಮೈಕಿಲ್ಲದೆ ಊರಾಚೆಯ ಕೆರೆ ಏರಿಗೆ ಕೇಳುವಂಥದ್ದು. ಫೋನಿನಲ್ಲಿ ನಾನು ಹೇಳುವ ಒಂದೊಂದು ಮಾತೂ ಒಳಕೋಣೆಗೆ ಕೇಳುತ್ತದೆ. ಅದಕ್ಕೇ ಕಾಗದ. ನಮ್ಮ ಅಂಗಡಿಯ ಸುನೀಲ್ ಕುಮಾರನ ಕೈಲಿ ಕಳಿಸಿದ್ದೇನೆ. ಅವನಿಗೆ ಕಾಫಿ ಕೊಡು, ಕಥೆ ಕೇಳಲು ಕೂರಿಸಬೇಡ.

ಸೂರ್ಯಕಾಂತಿ ಬೀಜ ಚೆನ್ನಾಗಿ ಮಾರಿದ ಅಂಗಡಿಯವರಿಗೆಲ್ಲ ಬೀಜದ ಕಂಪನಿ ಈ ಸಲ ಹಡಗಿನ ಟಿಕೆಟ್ಟು ಕೊಟ್ಟಿತು. ಗಂಡ ಹೆಂಡತಿ ಇಬ್ಬರಿಗೂ. ಕೊಚ್ಚಿಯಲ್ಲಿ ಹತ್ತಿ, ಸಮುದ್ರದಲ್ಲಿ ಒಂದು ಸುತ್ತು ಹೊಡೆದು, ಮತ್ತೆ ಕೊಚ್ಚಿಯಲ್ಲೇ ಇಳಿಯುವುದು. ನನಗೆ ನೀರಿನ ಹುಚ್ಚಿಲ್ಲ. ಒಪ್ಪಿದ್ದು ಶಾಂತಮಲ್ಲಮ್ಮನಿಗಾಗಿ. ನಿಮಗೆಲ್ಲ ತಿಳಿದದ್ದೇ: ನಮ್ಮ ಮಗ ಶರತ್ ಆವತ್ತು ಬದನಗುಪ್ಪೆಯ ಫ್ಯಾಕ್ಟರಿಗೆ ಹೊತ್ತಾಯಿತೆಂದು, ಇವಳು ಮುಂದಿಟ್ಟ ತಟ್ಟೆಯನ್ನು ಮುಟ್ಟದೆ ಎದ್ದು ಬೈಕು ಹತ್ತಿದ. ತಿರುಗಿ ಬಂದದ್ದು ಆಂಬುಲೆನ್ಸಿನಲ್ಲಿ. ಅಂದಿನಿಂದ ಇವಳ ಊಟವೆಂದರೆ ಎರಡು ತುತ್ತು, ಒಂದು ಲೋಟ ನೀರು. ಚಾಮರಾಜನಗರದ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು, "ಕಾಯಿಲೆ ಏನಿಲ್ಲ. ಆದ್ರೆ ಹಿಂಗೇ ಊಟ ಬಿಟ್ರೆ ಮುಂದಿನ ಮಳೆಗಾಲ ನೋಡಲ್ಲ. ಎಲ್ಲಾದ್ರೂ ಕರ್ಕೊಂಡು ಹೋಗಿ, ಜನರ ಮಧ್ಯ ಇರ್ಲಿ" ಎಂದರು. ಹಡಗಿಗಿಂತ ಹೆಚ್ಚು ಜನ ಇನ್ನೆಲ್ಲಿ?

ಪರದೆ ಸರಿಯಲಿ. ಅಂಕ ಒಂದು.

ಅದು ಹಡಗಲ್ಲ ಮಹಾಜನರೇ, ನೀರಿನ ಮೇಲೆ ಕಟ್ಟಿದ ಸಂತೆ. ನಮ್ಮ ಸಂತೆಯಲ್ಲಾದರೆ ಬೇಡವೆನಿಸಿದವನು ಬಸ್ಸು ಹತ್ತಿ ಮನೆಗೆ ಹೋಗಬಹುದು. ಇಲ್ಲಿ ಹೋಗುವುದೆಲ್ಲಿಗೆ? ಮೆಟ್ಟಿಲು ಹತ್ತುವಾಗಲೇ ಯಾರೋ ಕೊರಳಿಗೆ ಹಾರ ಹಾಕಿ ಫೋಟೋ ಹೊಡೆದರು. ಮರ್ಯಾದೆಯೆಂದುಕೊಂಡೆ. ಸಂಜೆಗೆ ನಮ್ಮಿಬ್ಬರ ಮುಖ ಗೋಡೆಗೆ ನೇತುಬಿದ್ದು ಮಾರಾಟಕ್ಕಿತ್ತು. ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನ ಪಾದ ನೋಡಿ, ರಕ್ತ ಹೆಪ್ಪುಗಟ್ಟುತ್ತಿದೆ, ಕೆಳಗಿನ ಅಂತಸ್ತಿನಲ್ಲಿ ಎಣ್ಣೆ ತಿಕ್ಕಿಸಿಕೊಂಡರೆ ಬದುಕುತ್ತೀರಿ ಎಂದಳು. ಬಚ್ಚಲಿಗೆ ಹೋದರೂ ಬಿಡದ ಲೌಡ್‌ಸ್ಪೀಕರು: ವಾಚು ಇವತ್ತು ಮಾತ್ರ ಈ ಬೆಲೆಗೆ, ಕಿಟಕಿ ಪಕ್ಕದ ಟೇಬಲ್ಲು ಇವತ್ತು ಮಾತ್ರ, ನಾಳೆ ಕೇಳಬೇಡಿ. ನಾಳೆಯೂ ಅದನ್ನೇ ಹೇಳಿದರು. ಯಾರೂ ದುಡ್ಡು ಅನ್ನುವುದಿಲ್ಲ. ರೂಮಿನ ಬೀಗದ ಕಾರ್ಡನ್ನೇ ತೋರಿಸು ಅನ್ನುತ್ತಾರೆ, ಲೆಕ್ಕ ಇಳಿಯುವ ದಿನ ಒಟ್ಟಿಗೆ ಬರುತ್ತದೆ.

ಖಳನ ಪ್ರವೇಶವಾದದ್ದು ಊಟದ ಹಾಲಿನಲ್ಲಿ. ಟಿಕೆಟ್ಟಿನ ಜೊತೆಗೇ ಬರುವ ಪುಕ್ಕಟೆ ಊಟ. ನೂರಾರು ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಶಾಂತಮಲ್ಲಮ್ಮ ತಟ್ಟೆಗೆ ಎರಡು ಚಮಚ ಪಲ್ಯ ಹಾಕಿಕೊಂಡಿದ್ದಳು. ಕಪ್ಪು ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡಿದ್ದ ಹುಡುಗ ಅವಳ ಪಕ್ಕ ಬಂದು ನಿಂತ.

"ಅವ್ವಾ, ಆ ತಟ್ಟ ಮಡಗ್ಬುಡಿ."

ಇಬ್ಬರೂ ಬೆಚ್ಚಿದೆವು. ಸಮುದ್ರದ ನಡುವೆ ನಮ್ಮ ಮಾತು.

"ನೀವು ಮಾತಾಡ್ಕತ್ತಿದ್ದುದ್ದು ಕೇಳ್ಸ್ತು. ನಾನು ಹಂಗಳದಂವ, ಶಶಿಕುಮಾರ ಅಂತ." ಆಮೇಲೆ ಅವಳ ಕಿವಿಗೆ ಬಗ್ಗಿ, ನನಗೂ ಕೇಳುವಷ್ಟು ಮೆಲ್ಲಗೆ ಹೇಳಿದ: "ಅಲ್ಲಿ ಪಲ್ಯಕ್ಕೂ ಮೀನ್ಗೂ ಒಂದೇ ಸೌಟು ಕಣವ್ವಾ. ನಾನು ಏಳ್ದೆ ಅನ್ಬೇಡಿ, ಕೆಲ್ಸ ಓಯ್ತದ."

ಕೊರಳಲ್ಲಿ ಲಿಂಗ ಕಟ್ಟಿದವಳು. ಕೈ ಸುಟ್ಟವಳಂತೆ ತಟ್ಟೆ ಕೆಳಗಿಟ್ಟಳು.

"ಮ್ಯಾಲ ಒಂದು ಊಟದ ಮನ ಅದ. ಬರೀ ಸೊಪ್ಪು, ತರಕಾರಿ. ಒಲ ಬ್ಯಾರೆ, ಪಾತ್ರ ಬ್ಯಾರೆ. ಬನ್ನಿ ಅವ್ವಾ, ನಾನೇ ಇಕ್ತೀನಿ."

"ಎಷ್ಟಾಯ್ತದಪ್ಪಾ?" ಎಂದೆ ನಾನು.

"ಅವ್ವಾರ್ಗ ಅನ್ನ ಇಕ್ಕಿ ಯಾರಾದ್ರೂ ದುಡ್ಡು ಕೇಳ್ತಾರಾ ಅಪ್ಪಾಜಿ? ಕಾರ್ಡು ತೋರ್ಸಿ, ಅಷ್ಟೇಯ."

ಮೇಲಿನ ಊಟದ ಮನೆಯಲ್ಲಿ ದೀಪವೇ ಕಾಣದಂಥ ದೀಪ. ಮೊರದಗಲದ ತಟ್ಟೆ, ಅದರ ನಡುವೆ ಹೆಬ್ಬೆರಳಿನಷ್ಟು ಪದಾರ್ಥ. ನಾನು ನಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಹುಡುಗ ಒಳಗೆ ಹೋಗಿ ಬಿಸಿ ಅನ್ನ, ತಿಳಿಸಾರು ಮಾಡಿಸಿಕೊಂಡು ಬಂದು ಅವಳ ಪಕ್ಕ ಕುಳಿತ. "ಇನ್ನೊಂದು ತುತ್ತು ಅವ್ವಾ. ನನ್ನಾಣೆ." ಅವಳು ಉಂಡಳು. ಇನ್ನೊಂದು ತುತ್ತು. ಆಮೇಲೆ ತಟ್ಟೆಯನ್ನು ಅವನ ಕಡೆಗೆ ಸರಿಸಿ, "ಇನ್ನೊಸಿ ಆಕಪ್ಪ" ಎಂದಳು.

ಕರಿಬಸವಯ್ಯ, ಇಲ್ಲಿ ಸ್ವಲ್ಪ ನಿಲ್ಲಿಸು. ನೀರು ಕುಡಿದು ಮುಂದೆ ಓದು.

ಅಂಕ ಎರಡು. ಹುಡುಗ ನೆರಳಿನಂತೆ ಹಿಂದೆ ಬಿದ್ದ. ಬೆಳಿಗ್ಗೆ ರೂಮಿನ ಬಾಗಿಲು ತಟ್ಟಿ, "ಅವ್ವಾ, ಕಿಟಕಿ ಪಕ್ಕದ ಟೇಬಲ್ಲು ನಿಂಗಂತ ಇಡ್ದಿವ್ನಿ" ಎನ್ನುತ್ತಿದ್ದ. ಮೊದಲ ದಿನ ನೀವು ಅಂದವನು ಮರುದಿನ ನೀನು ಅಂದ. ಹೆತ್ತ ಮಗ ಅನ್ನುವ ಹಾಗೆ, "ಉಣ್ಣವ್ವಾ ನೀನು, ಅಪ್ಪಾಜಿ ಮಾತು ಬುಡು" ಎಂದ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಪ್ರತಿ ಊಟದ ಕೊನೆಗೆ ಬಿಲ್ಲಿನ ಒಂದು ಚೀಟಿ ನನ್ನ ಕೈಗೆ ಬರುತ್ತಿತ್ತು. ಅವ್ವನ ಕಾಲು ಊದಿದೆ, ಎಣ್ಣೆ ತಿಕ್ಕಿಸಬೇಕು. ಅವ್ವನಿಗೆ ಹಣ್ಣಿನ ರಸದ ಪ್ಯಾಕೇಜು. ಗೋಡೆಯ ಮೇಲಿನ ಅವ್ವನ ಫೋಟೋ ಯಾರೋ ಹರಿಯುತ್ತಾರೆ, ನನ್ನ ಕೈಲಿ ನೋಡಲಾಗುವುದಿಲ್ಲ, ತೆಗೆದುಕೊಳ್ಳಿ. ನಾನು ಬೇಡವೆಂದರೆ ಇವಳು, "ತಕಳಿ, ಹುಡುಗ ಬೇಜಾರು ಮಾಡ್ಕತನ" ಎನ್ನುವಳು.

ಶರತ್‌ನ ಕಥೆಯನ್ನೂ ಅವನಿಗೆ ಹೇಳಿದಳು. ನನ್ನ ಹತ್ತಿರ ಒಂದು ದಿನವೂ ಬಾಯಿ ಬಿಡದವಳು, ಅವನಿಗೆ ತಟ್ಟೆ ಇಟ್ಟ ಜಾಗದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಅವಳ ಕೈ ಹಿಡಿದುಕೊಂಡು, "ನಾನಿಲ್ವಾ ಅವ್ವಾ" ಎಂದ. ಕೈ ಬಿಡುವ ಮೊದಲೇ ಕೊನೆಯ ಸಂಜೆಯ ವಿಶೇಷ ಭೋಜನಕ್ಕೆ ನಮ್ಮ ಹೆಸರು ಬರೆಸಿಕೊಂಡ.

ಆ ಕೊನೆಯ ಸಂಜೆ ಇವಳ ಶಾಲು ತರಲು ಹೋಗಿದ್ದೆ. ಬರುವ ದಾರಿಯಲ್ಲಿ ಇನ್ನೊಂದು ಟೇಬಲ್ಲು. ಅಲ್ಲೊಬ್ಬ ತಮಿಳು ಮುದುಕಿ. ಅವಳ ಕೈಯೂ ಇವನ ಕೈಯಲ್ಲಿತ್ತು. "ಅಮ್ಮಾ, ನಾನ್ ಉಂಗ ಪಿಳ್ಳೆ ಮಾದಿರಿ" ಅನ್ನುತ್ತಿದ್ದ. ನಾನು ನಿಮ್ಮ ಮಗನ ಹಾಗೆ ಎಂದು. ಅಷ್ಟು ತಮಿಳು ನನಗೂ ಬರುತ್ತದೆ.

ಅಂಕ ಮೂರು. ಕಿರೀಟವಿಲ್ಲ, ಗದೆಯಿಲ್ಲ, ಬಣ್ಣವಿಲ್ಲ. ಭೋಜನಶಾಲೆ ತುಂಬಿದೆ. ನಮ್ಮ ಕಂಪನಿಯ ಡೀಲರುಗಳೆಲ್ಲ ಹೆಂಡಿರ ಸಮೇತ ಕುಳಿತಿದ್ದಾರೆ. ಹುಡುಗ ಮೈಕು ಹಿಡಿದು ಯಾವುದೋ ಸಿಹಿ ಮಾರುತ್ತಿದ್ದಾನೆ. ನಾನು ಎದ್ದೆ.

"ನಿಲ್ಲಿಸು."

ಒಂದೇ ಮಾತು. ಚಮಚದ ಸದ್ದು ನಿಂತಿತು.

"ಬಾರಯ್ಯ ಹಂಗಳದ ಹೈದ. ಇವಳನ್ನು ನೋಡು. ಈ ಸಭೆಯ ಎದುರಿಗೆ ಹೇಳು, ಇವಳು ನಿನಗೆ ಏನಾಗಬೇಕು?"

ಅವನು ನಗುನಗುತ್ತ, "ಕೂತ್ಕಳಿ ಅಪ್ಪಾಜಿ, ತಣ್ಣಗಾಯ್ತದ" ಎಂದ. ಶಾಂತಮಲ್ಲಮ್ಮ ನನ್ನ ಪಂಚೆ ಹಿಡಿದೆಳೆದಳು. "ಬುಡಿ, ಎಲ್ಲಾರ ಮುಂದ ಯಾಕ ಆ ಹುಡುಗನ್ನ."

"ಏನಾಗಬೇಕು?"

ಅವನ ಹಿಂದೆ ಅವನ ಮೇಲಿನವನು ಬಂದು ನಿಂತ, ಕೈ ಕಟ್ಟಿಕೊಂಡು. ಹುಡುಗನ ಮುಖದಿಂದ ಹಂಗಳ ಇಳಿದುಹೋಯಿತು. "ಸಾರ್, ಅವರು ನಮ್ಮ ಗೆಸ್ಟು. ವಯಸ್ಸಾದ ಲೇಡಿ ಗೆಸ್ಟ್‌ಗಳನ್ನೆಲ್ಲ ಅವರವರ ಭಾಷೇಲಿ ಅಮ್ಮ ಅಂತ ಕರೀಬೇಕು ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ತಪ್ಪಾಗಿದ್ರೆ ಸಾರಿ ಸಾರ್."

ಚಪ್ಪಾಳೆ ಬಿತ್ತು ಮಹಾಜನರೇ. ಅಲ್ಲಿದ್ದವರೆಲ್ಲ ಅವನಿಂದ ಚೀಟಿ ಬರೆಸಿಕೊಂಡವರೇ. ನಂಜನಗೂಡಿನ ಡೀಲರು ರಾಜಶೇಖರ್ ಕುರ್ಚಿಯ ಮೇಲೆ ನಿಂತು, "ಒನ್ಸ್ ಮೋರ್" ಎಂದು ಕೂಗಿದ. ಒನ್ಸ್ ಮೋರ್ ಬಿದ್ದ ಮೇಲೆ ರಾಜಪಾರ್ಟಿನವನು ಬಿಡುವುದುಂಟೆ? ಹುಡುಗನ ಕೈಲಿದ್ದ ಮೈಕನ್ನು ಅವನ ಬಾಯಿಗೇ ಹಿಡಿದು ಅದನ್ನೇ ಇನ್ನೊಮ್ಮೆ ಹೇಳಿಸಿದೆ. ಎರಡನೆಯ ಸಲ ಅವನ ದನಿ ನಡುಗಿತು, ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ.

ನಾನು ಬಗ್ಗಿ ಕೈ ಮುಗಿದೆ. ಪರದೆ.

ನಿಮ್ಮೆಲ್ಲರ ಮಕ್ಕಳು ಮರಿಗಳು ಸುಖವಾಗಿರಲಿ. ಬೆಳೆ ಕೈಗೆ ಬರಲಿ. ಪಾತ್ರಧಾರಿಗಳು ಮಾತು ಬಾಯಿಪಾಠ ಮಾಡಲಿ. ಶಿವನು ನಿಮ್ಮ ಹೊಟ್ಟೆ ತಣ್ಣಗಿಟ್ಟಿರಲಿ.

ನಿಮ್ಮವನೇ ಆದ,
ಗುರುಸ್ವಾಮಿ

ತಾ.ಕ. ಕರಿಬಸವಯ್ಯ, ಇದು ಬೇರೆ ಹಾಳೆ. ಜೇಬಿಗೆ ಇಟ್ಟುಕೊಂಡು ಮನೆಗೆ ಹೋಗಿ ಓದು.

ಆ ಚಪ್ಪಾಳೆ ಮುಗಿದಾಗ ನಾನು ತಿರುಗಿ ನೋಡಿದೆ. ಶಾಂತಮಲ್ಲಮ್ಮ ಕುರ್ಚಿಯಲ್ಲಿರಲಿಲ್ಲ. ಮುಂದಿಟ್ಟದ್ದು ಇಟ್ಟ ಹಾಗೇ ಇತ್ತು. ಊರಿಗೆ ಬಂದ ಮೇಲೆ ಮೊದಲಿನ ಎರಡು ತುತ್ತೂ ಇಲ್ಲ. ಮಗಳು ರೂಪಶ್ರೀ ಗಂಡನ ಮನೆಯಿಂದ ಬಂದು ಕಾಲು ಹಿಡಿದು ಅತ್ತಳು, ಅವಳಿಗಾಗಿ ಅರ್ಧ ಲೋಟ ಗಂಜಿ ಕುಡಿದಳು, ಅಷ್ಟೇ. ಡಾಕ್ಟರು ಮನೆಗೇ ಬಂದು ಗ್ಲೂಕೋಸು ಏರಿಸಿ ಹೋದರು. ಹೀಗೆ ಹೆಚ್ಚು ದಿನ ನಡೆಯುವುದಿಲ್ಲ ಎಂದರು.

ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ. ಇಲ್ಲ ಎಂದಳು. ಗೋಡೆಯ ಕಡೆ ತಿರುಗಿ ಮಲಗಿಕೊಂಡು ಹೇಳಿದಳು: "ಅಂವ ಸುಳ್ಳಾಡ್ತಿದ್ದ ಅಂತ ನಂಗೊತ್ತಿರನಿಲ್ವಾ? ಸೌಟಿನ್ ಕತನೂ ಸುಳ್ಳೇಯ. ಸುಳ್ಳಾದ್ರೂ ಅವ್ವಾ, ಉಣ್ಣು ಅಂತಿದ್ದ. ನೀವು ಅದ್ನ ಎಲ್ಲಾರ ಮುಂದ ಬಾಯ್ಬುಡುಸ್ದ್ರಿ. ಸಾಲ್ದು ಅಂತ ಎಲ್ಡನೇ ಸಲನೂ ಏಳುಸ್ದ್ರಿ."



ಆ ಹುಡುಗ ಕೊಟ್ಟಿದ್ದ ಕಾರ್ಡಿನಲ್ಲಿ ಅವನ ನಂಬರಿತ್ತು. ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ಮಾಡಿದೆ. ಬೈಯಲಿಕ್ಕಲ್ಲ, ಬೇಡಲಿಕ್ಕೆ. ಒಂದು ಸಲ ನಮ್ಮವಳಿಗೆ ಫೋನು ಮಾಡಿ ಅವ್ವಾ ಅನ್ನಪ್ಪಾ, ನಿನಗೆ ಕೈ ಮುಗಿಯುತ್ತೇನೆ ಎಂದೆ.

"ಯಾವ ಅವ್ವ ಸಾರ್?" ಎಂದ.

ಗುಂಡ್ಲುಪೇಟೆಯವಳು ಎಂದೆ. ಮಗ ಹೋದದ್ದನ್ನು ನಿನಗೆ ಹೇಳಿದ್ದಳಲ್ಲ ಎಂದೆ.

"ಎಲ್ಲಾರೂ ಏನಾದ್ರೂ ಏಳ್ತಾರೆ ಸಾರ್. ಯಾವ ಟೇಬಲ್ಲು, ಅದೇಳಿ."

ಕಿಟಕಿಯ ಪಕ್ಕದ್ದು ಎಂದ ಮೇಲೆ ನೆನಪಾಯಿತು. ನೆನಪಾದದ್ದು ಅವಳಲ್ಲ, ನಾನು. "ಓ, ನೀವಾ. ನಿಮ್ಮಿಂದ ನಂಗ ಮೆಮೊ ಬಂದದ ಸಾರ್. ಗೆಸ್ಟ್‌ಗಳಿಗೆ ನಾವಾಗೇ ಫೋನ್ ಮಾಡಂಗಿಲ್ಲ." ಫೋನು ಇಡುತ್ತಾನೆ ಅಂದುಕೊಂಡೆ, ಇಡಲಿಲ್ಲ. ದನಿ ಮೆತ್ತಗಾಯಿತು. "ಒಂದು ಕೆಲ್ಸ ಮಾಡಿ ಅಪ್ಪಾಜಿ. ಮಾರ್ಚ್ ಟ್ರಿಪ್ಪು ಈಗ್ಲೇ ಬುಕ್ ಮಾಡುದ್ರ ಒಳ್ಳೆ ರೇಟದ. ಅವ್ವಾರ್ನ ಕರ್ಕ ಬನ್ನಿ. ಒತ್ತೊತ್ಗೂ ನಾನೇ ಉಣ್ಣುಸ್ತೀನಿ."

ಬುಕ್ ಮಾಡಿದೆ, ಕರಿಬಸವಯ್ಯ. ಯಾರಿಗೂ ಹೇಳಬೇಡ. ಆದರೆ ಮಾರ್ಚ್ ಬಹಳ ದೂರವಿದೆ.

ಆಮೇಲಿಂದ ಗೋಡೌನಿನಲ್ಲಿ ಬೀಜದ ಚೀಲಗಳ ನಡುವೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಆ ಹುಡುಗನ ದನಿ. ಆಯುಷ್ಯದಲ್ಲಿ ರಾಜಪಾರ್ಟು ಬಿಟ್ಟು ಬೇರೆ ವೇಷ ಕಟ್ಟಿದವನಲ್ಲ ನಾನು. ಮೆಲ್ಲಗೆ ಅವ್ವಾ ಅನ್ನಲು ಹೋದರೆ ಘರ್ಜನೆಯಾಗುತ್ತದೆ. ಸುನೀಲ್ ಕುಮಾರ ಬಾಗಿಲು ತಟ್ಟಿ, "ಯಾರ್ನ ಬೈತಿದ್ದರಿ ಯಜಮಾನ್ರೇ?" ಎಂದ. ಯಾವ ಶ್ರುತಿಗೆ ನಿಂತರೆ ಎಳೆಯ ಗಂಟಲು ಬರುತ್ತದೆಂದು ನಿನಗೆ ಗೊತ್ತು. ನೀನು ಹಿಡಿದುಕೊಡಬೇಕು. ಬೈದಾದರೂ ಸರಿ, ಹೊಡೆದಾದರೂ ಸರಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಿನ್ನ ಮನೆಗೆ ಬರುತ್ತೇನೆ. ಹಾರ್ಮೋನಿಯಂ ತೆಗೆದಿಟ್ಟಿರು. ನಿನ್ನ ಸೊಸೆ ಭವ್ಯಳ ಫೋನು ಬೇಕು, ಆ ನಂಬರು ಇವಳ ಹತ್ತಿರ ಇಲ್ಲ. ರೂಪಶ್ರೀ ತಟ್ಟೆ ತಂದಿಡುವ ಹೊತ್ತಿಗೆ ಇವಳಿಗೆ ಫೋನು ಮಾಡುತ್ತೇನೆ. "ಅವ್ವಾ, ನಾನು ಶಶಿಕುಮಾರ. ಅವತ್ತು ನಿನ್ನ ಗಂಡನ ಗಂಟ್ಲಿಗ ಎದರ್ಕಂಡು ಅಂಗಂದ್ಬುಟ್ಟೆ. ಆ ಮುದ್ಯಾ ಕೆಟ್ಟಂವ, ಅವನ ಮ್ಯಾಲಿನ ಸಿಟ್ಗ ಅನ್ನ ಬುಡ್ಬ್ಯಾಡ. ಉಣ್ಣವ್ವಾ ನೀನು" ಎನ್ನುತ್ತೇನೆ. ಅವಳು ನನ್ನ ಗುರುತು ಹಿಡಿಯಬಹುದು. ಹಿಡಿಯಲಿ. ಅವಳು ತುತ್ತು ಅಗಿಯುವ ಸದ್ದು ಕೇಳುವವರೆಗೂ ಫೋನು ಇಡುವುದಿಲ್ಲ.