ಊಟದ ಹೊತ್ತಿನಲ್ಲಿ ಕೆತ್ತಿದ ಹದಿನಾಲ್ಕು ಗುಳಿಗಳು

ಹಾಸಗಲ್ಲೂರು
ಫೆಬ್ರವರಿ ೩೦, ೨೧೭೩

ಕಲ್ಲುಕೆಲಸದ ಯಮನವ್ವನವರಿಗೆ ನಮಸ್ಕಾರ.

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ತಾರೀಖು ಇದು. ತಿಂಗಳುಗಳ ಉದ್ದ ಸರಿಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ಒಂದೆಡೆ ಕೂರಲಾಗದೆ ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ದ್ಯಾಮವ್ವ.

ಪಾಳುಬಿದ್ದಿದ್ದಾಗ ನೀವೆಲ್ಲ ಸೇರಿ ಎತ್ತಿ ನಿಲ್ಲಿಸಿದ ಈ ಕಲ್ಲಿನ ಊರು ಇನ್ನೂ ಗಟ್ಟಿಯಾಗಿದೆ. ಊರು ನೋಡಲು ಬರುವವರಿಂದಲೇ ನಮ್ಮ ಬದುಕು. ಆದರೆ ಎಷ್ಟು ಜನ ಬರಬೇಕೆಂದು ಹೇಳುವುದು ಬಾವಿ. ದಿನಾ ಬೆಳಿಗ್ಗೆ ನೀರಿನ ಮೇಲೆ ಕಾಣುವ ಮೆಟ್ಟಿಲುಗಳನ್ನು ಎಣಿಸುತ್ತೇವೆ. ಇದಕ್ಕೆ ಮೆಟ್ಟಿಲೆಣಿಕೆ ಎಂದು ಹೆಸರು. ಇಪ್ಪತ್ತಕ್ಕಿಂತ ಹೆಚ್ಚು ಕಂಡರೆ ನೀರು ಕಡಿಮೆಯೆಂದು ಅರ್ಥ, ಅಂದು ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ, ಮಂತ್ರಿಯೇ ಬಂದರೂ ಸರಿ. ಬಂದವರು ಬುಟ್ಟಿಬಾಡಿಗೆ ಕೊಡಬೇಕು, ಅಂದರೆ ಹಳ್ಳದ ದಂಡೆಯಿಂದ ಒಂದು ಬುಟ್ಟಿ ಕರ್ಲಮಣ್ಣು ಹೊತ್ತು ತಂದು ತಾವು ಉಳಿಯುವ ಮನೆಯ ಮಾಳಿಗೆಗೆ ಹಾಕಬೇಕು. ಮಳೆ ಬಂದರೂ ಮಾಳಿಗೆ ಸೋರದಿರುವುದು ಆ ಮಣ್ಣಿನಿಂದ. ಮೊನ್ನೆ ದಪ್ಪನೆಯವರೊಬ್ಬರು ಏರುದಾರಿಯಲ್ಲಿ ಎರಡು ಸಲ ಕೂತರು, ಆಮೇಲೆ ಐದು ರೊಟ್ಟಿ ತಿಂದರು.

ಇಲ್ಲಿ ನನಗೆ ಹೊಂದುವ ಕೆಲಸ ಒಂದೇ: ಬಂದವರನ್ನು ಸುತ್ತಾಡಿಸಿ ಊರಿನ ಕಥೆ ಹೇಳುವುದು. ಆ ಕೆಲಸದ ಕೋಲು ನಲವತ್ತು ವರ್ಷಗಳಿಂದ ಫಕೀರಪ್ಪಜ್ಜನ ಕೈಯಲ್ಲಿದೆ. ಈ ವರ್ಷ ಅದು ನನಗೆ ಬರುವುದಿತ್ತು.

ಅಜ್ಜ ಹೇಳುವ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಚಾವಡಿಯ ಮುಂದಿನ ಹಾಸುಗಲ್ಲಿನದು. ಅದರಲ್ಲಿ ಏಳೇಳರ ಎರಡು ಸಾಲು ಗುಳಿಗಳಿವೆ. ಮೇಲಿನವು ಸಪ್ತರ್ಷಿಗಳಂತೆ, ಕೆಳಗಿನವು ನೀರಿನಲ್ಲಿ ಕಂಡ ಅವರ ನೆರಳಂತೆ, ಕಲ್ಲಿಗೆ ಸಾವಿರ ವರ್ಷವಂತೆ. ಜನ ಹಗ್ಗದಾಚೆ ನಿಂತು ಹೂವೆಸೆದು ಕೈಮುಗಿಯುತ್ತಿದ್ದರು. ಹೋದ ವಾರ ಕಲ್ಲು ಒಂದು ಕಡೆ ಕುಸಿಯಿತು. ನಾನೂ ಅಜ್ಜನೂ ಹಾರೆ ಹಾಕಿ ಎಬ್ಬಿಸಿದಾಗ ಕೆಳಮೈಯಲ್ಲಿ ನಿಮ್ಮ ಅಕ್ಷರ ಕಂಡಿತು: ‘ಊಟದ ಹೊತ್ತಿನ್ಯಾಗ ಯಮನವ್ವ ಕೆತ್ತಿದ್ದು. ೨೦೨೭. ಶಾಂತವ್ವ ಸೋತಳು.’

ಮನೆಯಿಂದ ಹೊರಬರುವುದೇ ಅಪರೂಪವಾದ ನಮ್ಮಜ್ಜಿಯನ್ನು ಕರೆತಂದು ತೋರಿಸಿದೆ. ಅವಳು ನಕ್ಕು ನಕ್ಕು ಕಟ್ಟೆ ಹಿಡಿದುಕೊಂಡಳು. “ಯವ್ವಾ, ಇದು ಅಳಗುಳಿ ಮಣಿ! ಹುಣಸಿಬೀಜ ಹಾಕಿ ಆಡೂ ಆಟಕ್ಕ ಕೈ ಮುಗ್ಯಾಕ ಹತ್ತೀರೇನ?”

ಅಜ್ಜನಿಗೆ ನಗು ಬರಲಿಲ್ಲ. “ಖರೇ ಹೇಳಿದ್ರ ಮಂದಿ ಬರೂದಿಲ್ಲ. ಬಾಯಿ ಮುಚ್ಚಿಕೊಂಡು ಕಲ್ಲು ಹೊಳ್ಳಿಸಿ ಇಡು.”

“ಅಜ್ಜಾ, ಹೆಸರು ಬರದಾಳಲ್ಲ.”

“ಕೆಳಗ ಬರದಾಳ. ಮ್ಯಾಲ ಅಲ್ಲ. ಕೋಲು ಬೇಕೋ, ಬ್ಯಾಡೋ?”

ಬೇಕಿತ್ತು, ಯಮನವ್ವ. ತುಂಬಾ ಬೇಕಿತ್ತು. ಮರುದಿನ ಅಜ್ಜನ ಎದುರೇ ಹನ್ನೆರಡು ಜನರಿಗೆ ನಾನು ಊರು ತೋರಿಸಬೇಕಿತ್ತು. ಹಾಸುಗಲ್ಲಿನ ಹತ್ತಿರ ಬರುತ್ತಲೇ ನಕ್ಷತ್ರದ ಮಾತು ಬಿಟ್ಟೆ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅಜ್ಜ ಮುಖ ತಿರುಗಿಸಿ ನಿಂತ. ಕೋಲು ಹೋಯಿತು ಅಂದುಕೊಂಡೆ.

ಆಗ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಗುಂಪಿನಲ್ಲಿದ್ದ ಒಬ್ಬಾಕೆ ಕೇಳಿದರು: “ಅದಿರಲಿ, ಆಡೂದು ಹೆಂಗ?”

ನಾನು ಹಗ್ಗ ಬಿಚ್ಚಿದೆ. ಅಜ್ಜಿ ಹುಣಸೆಬೀಜ ತಂದಳು. ಮಧ್ಯಾಹ್ನದ ಊಟ ತಣ್ಣಗಾಗುವವರೆಗೂ ಯಾರೂ ಏಳಲಿಲ್ಲ. ಕೊನೆಗೆ ಅಜ್ಜನೂ ಬಂದು ನಮ್ಮಜ್ಜಿಯ ಎದುರು ಕೂತ. “ಸಪ್ತರ್ಷಿಗಳು ಎಲ್ಲಿ ಓಡಿಹೋದ್ರಪ್ಪೋ?” ಎಂದು ಅವಳು ಕಾಡಿದಳು.

ಮರುದಿನ ಬೆಳಿಗ್ಗೆ ಹೊಸ ಗುಂಪಿನ ಮುಂದೆ ಅಜ್ಜನೇ ಬಾಯಿಬಿಟ್ಟ: “ನಲವತ್ತು ವರ್ಷ ತಪ್ಪು ಹೇಳೀನಿ. ಇನ್ನ ಮುಂದ ಈಕಿ ಹೇಳತಾಳ.” ಕೋಲು ಈಗ ನನ್ನ ಮಗ್ಗುಲಲ್ಲಿದೆ.

ಹಿಂದಕ್ಕೆ ಹೋಗುವ ಅಂಚೆ ನಮಗೂ ಗೊತ್ತಿಲ್ಲ. ಅದಕ್ಕೇ ಕಲ್ಲನ್ನು ಇನ್ನೊಮ್ಮೆ ಎಬ್ಬಿಸಿ, ಈ ಕಾಗದವನ್ನು ನಿಮ್ಮ ಹೆಸರಿನ ಕೆಳಗೆ ಇಟ್ಟು ಕೂರಿಸುತ್ತೇನೆ. ತಲುಪಿದರೆ ಒಂದು ಬೇಡಿಕೆ: ಇನ್ನು ಮುಂದೆ ಕೆತ್ತುವ ಹೊಸ ಕಲ್ಲುಗಳಿಗೆಲ್ಲ ಹೆಸರು, ಇಸವಿ ಹಾಕಿ. ಮೇಲೆಯೇ ಹಾಕಿ, ಎಲ್ಲರಿಗೂ ಕಾಣುವಂತೆ. ಮತ್ತೆ ಶಾಂತವ್ವನವರು ಸೋತ ಬೇಸರದಲ್ಲಿದ್ದರೆ ಹೇಳಿ, ಅದೇ ಕಲ್ಲಿನಲ್ಲಿ ಫಕೀರಪ್ಪಜ್ಜನೂ ಸೋತ. ಮೂರು ಸಲ.

ನಿಮ್ಮ
ದ್ಯಾಮವ್ವ