ಹುಲಿಗೆವ್ವ ಆರಿಸಿದ ಗಾಳಿಬಿಲ್ಲೆ

ಕೆಂಗುಡ್ಡ, ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಹದಿಮೂರನೆಯ ತಿಂಗಳ ಆರನೆಯ ದಿನ.

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿರುವ ನನ್ನ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವನು ನಮ್ಮೂರಿನ ರಿಪೇರಿ ಇಮಾಮಸಾಬ, ಅರವತ್ತೆರಡು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ, ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ. ಕೇಳಿದ ಒಂಬತ್ತು ಜನರಲ್ಲಿ ನಮ್ಮಜ್ಜಿಯೂ ಒಬ್ಬಳು. ತಾರೀಖು ಓದಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದ ಮೇಲೆ ನಾವು ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡೆವು; ಹೆಸರಿಡುವಾಗ ಜಗಳವಾಗಿ ಹದಿಮೂರನೆಯದು ಎಂದೇ ಉಳಿಯಿತು. ನನ್ನ ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಿಮ್ಮ ಲ್ಯಾಪ್‌ಟಾಪಿಗೆ ನಾವು ತೊಡೆಪೆಟ್ಟಿಗೆ ಎನ್ನುತ್ತೇವೆ. ಅದರೊಳಗೆ ಕೂರುವ ವೈಫೈ ಕಾರ್ಡು ನಮಗೆ ಗಾಳಿಬಿಲ್ಲೆ.

ನಮ್ಮ ದಿನ ನಸುಕಿನಲ್ಲೇ ಶುರುವಾಗುತ್ತದೆ. ಸೂರ್ಯ ಹುಟ್ಟುವ ಮೊದಲೇ ರೊಟ್ಟಿ ಬಡಿದು, ಹೊಲದ ಕೆಲಸ ಮುಗಿಸಿ, ಹನ್ನೊಂದಕ್ಕೆಲ್ಲ ನೆಲಮಾಳಿಗೆಗೆ ಇಳಿಯುತ್ತೇವೆ. ಗುಡ್ಡದ ಮೇಲೆ, ಊರುಗಳ ಸಂಪರ್ಕ ನೋಡಿಕೊಳ್ಳುವ ಮಂಡಳಿಯವರ ದನಿಗಂಬ ಇದೆ. ಊರೂರಿನ ಮಾತು ಹೊತ್ತೊಯ್ಯುವ ಕಂಬ. ಅದೂ ಕಾದು ಕೆಡಬಾರದೆಂದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅದನ್ನು ಆರಿಸಿಡುತ್ತಾರೆ. ಮಂಡಳಿಯ ಬಿಲ್ಲೆ ಕಂಬದ ಜೊತೆ ಮಾತ್ರ ಮಾತಾಡುತ್ತದೆ. ಕಂಬ ಮಲಗಿದರೆ ಪಕ್ಕದ ಮನೆಗೂ ಮಾತು ಹೋಗದು. ಹಳೆಯ ಜೋಡುಬಿಲ್ಲೆ ಹಾಗಲ್ಲ. ಕಂಬ ಇಲ್ಲದಿದ್ದರೆ ಪಕ್ಕದ ಮನೆಯ ಬಿಲ್ಲೆಗೆ ಹೇಳುತ್ತದೆ, ಅದು ಆಚೆ ಮನೆಯದಕ್ಕೆ. ಮನೆ ಕಟ್ಟುವಾಗ ಇಟ್ಟಿಗೆ ಕೈಯಿಂದ ಕೈಗೆ ದಾಟಿಸಿದ ಹಾಗೆ.

ಅದಕ್ಕೇ ನಮ್ಮಲ್ಲಿ ಮೊದಲು ಬಿಲ್ಲೆ ಆರಿಸಿ, ಆಮೇಲೆ ಅದಕ್ಕೆ ಜಾಗ ಕೊಡುವ ಪೆಟ್ಟಿಗೆ ಹುಡುಕುವ ಪದ್ಧತಿ ಇತ್ತು. ಮಂಡಳಿಯವರು ಹಗುರವಾದ ಹೊಸ ಪೆಟ್ಟಿಗೆಗಳನ್ನು ಪುಕ್ಕಟೆ ಹಂಚಿದಾಗ ಊರಿಗೆ ಊರೇ ಅದನ್ನು ಮರೆಯಿತು. ಸೂಲಗಿತ್ತಿ ಹುಲಿಗೆವ್ವ ಕೂಡ ಮರೆತಳು. ಅವಳ ಹಳೆಯ ಪೆಟ್ಟಿಗೆ ಸತ್ತಿತ್ತು, ಹೊಸದು ಕಂಕುಳಲ್ಲಿ ಹಿಡಿಯಲು ಹಗುರವಾಗಿತ್ತು, ತಂದಳು.

ಹೊಳೆದಂಡೆಯ ಕಡೆಯ ಮನೆಯಲ್ಲಿ ಬಸಲಿಂಗವ್ವನಿಗೆ ಆಗ ದಿನ ತುಂಬಿತ್ತು. ಹಿಂದಿನ ಸಲ ಕಂಬ ಮಲಗಿದ್ದ ಹೊತ್ತಿನಲ್ಲೇ ನೋವು ಶುರುವಾಗಿ, ಸುದ್ದಿ ಹುಲಿಗೆವ್ವನನ್ನು ತಲುಪುವಷ್ಟರಲ್ಲಿ ಕೂಸು ಹೋಗಿತ್ತು. ಬಸಲಿಂಗವ್ವ ತನ್ನ ಹಳೆಯ ಪೆಟ್ಟಿಗೆ ಬಿಟ್ಟಿರಲಿಲ್ಲ. ಅವಳ ಮನೆಗೂ ಹುಲಿಗೆವ್ವನ ಮನೆಗೂ ನಡುವಿನ ಒಂಬತ್ತು ಮನೆಗಳಲ್ಲಿ ಮಾತ್ರ ಮಂಡಳಿಯ ಪೆಟ್ಟಿಗೆಗಳೇ ಇದ್ದವು.

ಹುಲಿಗೆವ್ವ ತನ್ನ ಸತ್ತ ಪೆಟ್ಟಿಗೆಯ ಜೋಡುಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಮಾಮಸಾಬನ ಬಳಿ ಬಂದಳು. ಅವನು ಹೊಸ ಪೆಟ್ಟಿಗೆಯ ಬೆನ್ನು ಬಿಚ್ಚಿ, ಮಂಡಳಿಯ ಬಿಲ್ಲೆ ತೆಗೆದು, ಇವಳದನ್ನು ಕೂರಿಸಿದ. ಪರದೆಯ ಮೇಲೆ ಒಂದೇ ಸಾಲು ಬಂತು: ಈ ಬಿಲ್ಲೆ ಮಂಡಳಿಯ ಪಟ್ಟಿಯಲ್ಲಿಲ್ಲ. ಅಷ್ಟಕ್ಕೇ ಪೆಟ್ಟಿಗೆ ನಿಂತಿತು.

ಮಂಡಳಿಯ ವಿರುಪಣ್ಣ ಅಲ್ಲೇ ಕುಳಿತಿದ್ದ. ತಮ್ಮದೇ ಬಿಲ್ಲೆ ಹಾಕಿಸಿಕೋ, ವೇಗ ನಾಲ್ಕು ಪಟ್ಟು ಎಂದು ನಯವಾಗಿಯೇ ಹೇಳಿದ.

"ಮೂರು ತಾಸು ಅಷ್ಟ ಅಲ್ಲೇನಬೇ, ತಡಕೊಳ್ಳಾಕ ಆಗೂದಿಲ್ಲೇನು?"

"ನಾ ತಡಕೋತೀನಿ. ಹೊಟ್ಯಾಗಿನ ಕೂಸಿಗೆ ನಿಮ್ಮ ತಾಸು ಯಾರು ಹೇಳಬೇಕೋ ತಮ್ಮಾ? ನೀ ಹೋಗಿ ಹೇಳ್ತೀಯೇನು?"

ಪೆಟ್ಟಿಗೆ ವಾಪಸು ಕೊಟ್ಟವರಿಗೆ ಕಂಬದ ಮಾತೂ ಸಿಗುವುದಿಲ್ಲ ಎಂದು ಅವನು ಎಚ್ಚರಿಸಿದ. ಹುಲಿಗೆವ್ವ ಪೆಟ್ಟಿಗೆ ಎತ್ತಿ ಅವನ ತೊಡೆಯ ಮೇಲಿಟ್ಟಳು.

"ಇದರೊಳಗ ಯಾರು ಕುಂದ್ರಬೇಕಂತ ನಿನ್ನ ಪಟ್ಟಿ ಹೇಳೂದಾದ್ರ, ಇದು ನಂದಲ್ಲ. ತಗೊಂಡು ಹೋಗು."

ಇಮಾಮಸಾಬ ಕಪಾಟಿನಿಂದ ಒಂದು ಭಾರವಾದ, ಮೂಲೆ ಒಡೆದ ಪೆಟ್ಟಿಗೆ ತೆಗೆದ. ಬಿಲ್ಲೆ ಕೂರಿಸಿ, ಎರಡು ಸಣ್ಣ ತಂತಿಗಳನ್ನು ಬೆರಳಿನಿಂದ ಒತ್ತಿದ. ಪರದೆ ಬೆಳಗಿತು. ಆದರೆ ಅಕ್ಕಪಕ್ಕದಲ್ಲಿ ಉತ್ತರಿಸುವ ಬಿಲ್ಲೆ ಒಂದೂ ಇರಲಿಲ್ಲ. ಇನ್ನು ನಿನ್ನ ಜೊತೆ ನೀನೇ ಮಾತಾಡಿಕೋ ಎಂದು ವಿರುಪಣ್ಣ ನಗುತ್ತಾ ಹೋದ. ಹುಲಿಗೆವ್ವ ಆ ಭಾರವನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದಳು.

ಕಂಬ ಮಲಗಿತು. ಬೇರೆ ಕೆಲಸವಿಲ್ಲದೆ ಹೊಳೆದಾರಿಯ ಆ ಒಂಬತ್ತು ಮನೆಗಳಿಂದ ಒಬ್ಬೊಬ್ಬರು ಇಮಾಮಸಾಬನ ನೆಲಮಾಳಿಗೆಗೆ ಬಂದರು. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಬುದ್ಧಿ ಹೇಳಲಿಲ್ಲ.

ನಾನು ಹೇಳುತ್ತೇನೆ. ನೀವಿನ್ನೂ ಆರಿಸಬಲ್ಲ ಕಾಲದಲ್ಲಿದ್ದೀರಿ. ಅಂಗಡಿಯವನು ವೇಗದ ಅಂಕಿ ಹೇಳುವಾಗ ತಲೆಯಾಡಿಸಬೇಡಿ. ಕಾರ್ಡು ಬಿಚ್ಚಲು ಬರುತ್ತದೆಯೋ, ಬೆಸುಗೆ ಹಾಕಿದ್ದಾರೋ ಕೇಳಿ. ಬೇರೆ ಕಾರ್ಡು ಹಾಕಿದರೆ ಯಂತ್ರ ಒಪ್ಪುತ್ತದೆಯೋ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಸಿ. ಹಿಂದೆ ನಿಂತವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ನೀವು ಇಂದು ಸುಮ್ಮನೆ ಒಪ್ಪಿದ್ದನ್ನೇ ನಾಳೆ ನಮಗೆ ಕಾನೂನು ಮಾಡುತ್ತಾರೆ, ನಾವಂತೂ ಒಪ್ಪಿಲ್ಲ.

ಕಥೆ ಕೇಳಿದ ಆ ಒಂಬತ್ತು ಜನ ಮರುದಿನ ನಸುಕಿನಲ್ಲಿ ತಮ್ಮ ಹಗುರ ಪೆಟ್ಟಿಗೆಗಳನ್ನು ಮಂಡಳಿಯ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಬಂದರು. ಅಟ್ಟದಿಂದ ಹಳೆಯವನ್ನು ಇಳಿಸಿ, ಧೂಳು ಒರೆಸಿ, ಕೆಟ್ಟವನ್ನು ಇಮಾಮಸಾಬನ ಕೈಲಿ ಸರಿಮಾಡಿಸಿಕೊಂಡು ಮನೆಗೆ ಒಯ್ದರು. ಗುಡ್ಡದ ಮೇಲೆ ಕಂಬ ಇನ್ನೂ ಎಚ್ಚರವಾಗಿಯೇ ಇತ್ತು. ಬಿಸಿಲೇರುವ ಮೊದಲು, ಅದನ್ನು ಕೇಳದೆಯೇ, ಒಂಬತ್ತು ಮನೆ ದಾಟಿ ಹುಲಿಗೆವ್ವನ ಪರದೆಯ ಮೇಲೆ ಬಸಲಿಂಗವ್ವನ ಮಾತು ಬಂದು ನಿಂತಿತು: "ಯಕ್ಕಾ, ಇನ್ನೂ ಹೆರಿಗಿ ಬ್ಯಾನಿ ಬಂದಿಲ್ಲ. ಉಂಡು ಮಲಕ್ಕೋ, ಬಂದ್ರ ಎಬ್ಬಸ್ತೀನಿ."