ಇಪ್ಪತ್ತನಾಲ್ಕಕ್ಕೆ ಮರಳುವ ಗಡಿಯಾರ

ಫಾನ್ ಥಿಯೆಟ್,
೧೫ ನವೆಂಬರ್ ೨೦೧೫, ಭಾನುವಾರ

ನನ್ನವರಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಮೂರು ವರ್ಷದಿಂದ ಒಂದು ಸಾಲು ಉತ್ತರವಿಲ್ಲದಿದ್ದರೂ ಕೇಳುತ್ತೇನೆ, ಕೇಳುವುದು ಹೆಂಡತಿಯ ಹಕ್ಕು. ನಿಮ್ಮ ದೋಣಿ ಮುಳುಗಿದ್ದನ್ನು ಕಂಡವರಿಲ್ಲ, ಅದರ ಒಂದು ಹಲಗೆಯೂ ದಡಕ್ಕೆ ಬಂದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆ ಈ ವರ್ಷ ಬಸಿದ ಮೀನಿನ ಸಾಸ್‌ಗೆ ಒಳ್ಳೆಯ ಬಣ್ಣ ಬಂದಿದೆ.

ಅದರ ಸೀಸೆಗಳಿಗೆ ಲೇಬಲ್ ಅಚ್ಚು ಹಾಕಲೆಂದು ಹೊಸ ಪ್ರಿಂಟರ್ ತಂದೆ. ಸಾಫ್ಟ್‌ವೇರನ್ನು ನಿಮ್ಮ ಹಳೇ ಕಂಪ್ಯೂಟರಿಗೆ ಹಾಕಲು ಹೋದರೆ, ‘ಈ ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲ’ ಎಂದು ಅರ್ಧಕ್ಕೇ ನಿಂತುಬಿಟ್ಟಿತು. ರಿಪೇರಿಯ ಖಾಯ್ ಬಂದು ನೋಡಿ ನಕ್ಕ. “ಅಕ್ಕಾ, ಇದು ಇನ್ನೂ ಹಳೇ ವರ್ಷದಲ್ಲೇ ಕೂತಿದೆ. ಒಳಗಿನ ಬ್ಯಾಟರಿ ಸತ್ತಿದೆ, ಅಷ್ಟೇ.” ಹೊಸದು ಹಾಕಿ ಇವತ್ತಿನ ತಾರೀಕು ಕೊಟ್ಟ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹಿಂದಕ್ಕೆ: ೨೪ ನವೆಂಬರ್ ೨೦೧೨, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಎರಡನೇ ಬ್ಯಾಟರಿ ಹಾಕಿದ, ಮೂರನೇದೂ ಹಾಕಿದ. ಅದೇ ದಿನ, ಅದೇ ಗಳಿಗೆ. ಬ್ಯಾಟರಿ ಹೋದರೆ ಕಾರ್ಖಾನೆಯಲ್ಲಿ ಕೂರಿಸಿದ ತಾರೀಕಿಗೆ ಹೋಗಬೇಕಂತೆ. ಈ ಪೆಟ್ಟಿಗೆಯನ್ನು ನೀವು ಕೊಂಡದ್ದೇ ೨೦೦೪ರಲ್ಲಿ. ಖಾಯ್‌ನ ನಗು ನಿಂತುಹೋಯಿತು. “ಇಂಥದ್ದು ನಾನು ನೋಡೇ ಇಲ್ಲಕ್ಕಾ” ಎಂದವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನೀವು ಸಮುದ್ರಕ್ಕೆ ಹೊರಟದ್ದು ಆ ತಿಂಗಳ ಹದಿನಾರಕ್ಕೆ. ಇಪ್ಪತ್ತನಾಲ್ಕರಂದು ಈ ಮನೆಯಲ್ಲಿ ಯಾರೂ ಕಂಪ್ಯೂಟರ್ ಮುಟ್ಟಿರಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಪಂಚಾಂಗ ತಿರುವಿ, ಬೆರಳು ಮಡಿಸಿ ಎಣಿಸಿದರು: ಚಾಂದ್ರಮಾನದ ಹತ್ತನೇ ತಿಂಗಳ ಹನ್ನೊಂದು, ಈ ವರ್ಷ ಅದು ಬರುವುದು ನವೆಂಬರ್ ಇಪ್ಪತ್ತೆರಡಕ್ಕೆ. “ಲೇ ನ್ಯಾನ್, ತನ್ನ ತಿಥಿ ತಾನೇ ಹೇಳಿಬಿಟ್ಟನಲ್ಲೇ ನನ್ನ ಮಗ!” ಎಂದು ಗೋಳೋ ಎಂದು ಅತ್ತರು. ನಿಮಗೇ ಗೊತ್ತಲ್ಲ, ಸತ್ತ ದಿನ ತಿಳಿಯದವನಿಗೆ ಅನ್ನ ಇಡುವುದು ಹೇಗೆ? ಮಗ ಹಸಿದಿದ್ದಾನೆಂದು ಮೂರು ವರ್ಷ ಕೊರಗಿದ ಜೀವ ಅದು. ಆದರೆ ತಿಥಿ ಇಟ್ಟರೆ ನಾನು ವಿಧವೆಯಾಗುತ್ತೇನೆ ಕಣ್ರೀ. “ಕೆಟ್ಟು ಹೋಗಿರೋ ಯಂತ್ರದ ಮಾತು ಕೇಳ್ತೀರಾ ಅತ್ತೆ?” ಎಂದು ಕೂಗಾಡಿದೆ. ಅವರು ಊದುಬತ್ತಿ ಹಚ್ಚಿ, ಪರದೆಗೆ ಕೈಮುಗಿದು, “ಆಯ್ತು ಮಗಾ, ಅವತ್ತೇ ಇಡ್ತೀವಿ” ಎಂದರು.

ಆಮೇಲೆ ನಾನೇ ತಾರೀಕು ತಿದ್ದಿ, ಆಫ್ ಮಾಡಿ ಆನ್ ಮಾಡಿದೆ. ಈ ಸಲ ಗಡಿಯಾರ ಹಿಂದೆ ಹೋಗಲಿಲ್ಲ. ಹಿಂದೆ ಹೋದರೆ ಬರೀ ಕೆಟ್ಟ ಯಂತ್ರ ಎಂದುಕೊಳ್ಳಬಹುದಿತ್ತು; ಹೋಗು, ಹೋಗು ಎಂದು ಬೇಡಿಕೊಂಡೆ. ಸಾಫ್ಟ್‌ವೇರ್ ಸರಸರನೆ ಏರಿ ನೂರು ಮುಟ್ಟಿ, ‘ಮುಗಿಸು’ ಎಂಬ ಗುಂಡಿ ತೋರಿಸಿತು. ಬೆಳಗಿನಿಂದ ಹಾಗೇ ಇದೆ, ಒತ್ತಲು ಕೈ ಬರುತ್ತಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಮೈ ಜೋಪಾನ, ಒದ್ದೆ ಬಟ್ಟೆಯಲ್ಲಿ ಇರಬೇಡಿ.

ನಿಮ್ಮ ಹಟಮಾರಿ,
ನ್ಯಾನ್

ತಾ.ಕ.: ಈ ಕಾಗದವನ್ನು ಎರಡು ಪ್ರತಿ ಬರೆದಿದ್ದೇನೆ. ಒಂದನ್ನು ನಿಮ್ಮ ದೋಣಿ ಕೊನೆಯ ಸಲ ಕಾಣಿಸಿಕೊಂಡ ಬಂದರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಇನ್ನೊಂದನ್ನು ಇಪ್ಪತ್ತೆರಡರಂದು, ತಿಥಿಯ ದಿನ, ಸತ್ತವರಿಗೆ ಮುಟ್ಟಲೆಂದು ಸುಡುವ ಕಾಗದದ ಬಟ್ಟೆಗಳ ಜೊತೆ ಅತ್ತೆ ಸುಡುತ್ತಾರೆ. ಅಂಚೆಯದು ಸಿಕ್ಕಿದರೆ ಅಷ್ಟರೊಳಗೆ ಓಡಿ ಬನ್ನಿ. ಸುಟ್ಟದ್ದು ಸಿಕ್ಕಿದರೆ, ಬಿಸಿ ಅನ್ನ ಇಟ್ಟಿರುತ್ತೇನೆ, ಉಂಡು ಹೋಗಿ. ನನ್ನ ಹೆಸರು ಹಿಡಿದು ಮಾತ್ರ ಕರೆಯಬೇಡಿ, ಕರೆದರೆ ಬಂದುಬಿಡುತ್ತೇನೆ.